ಸಮುದ್ರದಡಿಯ ಹಲ್ಲು ಯಾರ ಸ್ವತ್ತು?

1954ರ ಮೊದಲ ತಿಂಗಳುಗಳಲ್ಲಿ ‘ಕ್ಯಾಲಿಪ್ಸೊ’ ಎಂಬ ಹಡಗು ಅಬುಧಾಬಿಯ ಎದುರಿನ ಕಡಲಲ್ಲಿ ಲಂಗರು ಹಾಕುತ್ತ, ಎತ್ತುತ್ತ ಸಾಗಿತ್ತು. ಅದರ ನಾಯಕ ಫ್ರಾನ್ಸಿನ ಜಾಕ್ ಕೂಸ್ಟೊ. ನೀರಿನಡಿ ಉಸಿರಾಡಲು ನೆರವಾಗುವ ಆಕ್ವಾಲಂಗ್ ಉಪಕರಣವನ್ನು ಎಂಜಿನಿಯರ್ ಎಮಿಲ್ ಗಾನ್ಯಾನ್ ಜೊತೆಗೂಡಿ 1943ರಲ್ಲಿ ರೂಪಿಸಿದವರು ಅವರೇ. ಈ ಬಾರಿ ಅವರಿಗೆ ಕೆಲಸ ಕೊಟ್ಟದ್ದು ಮುಂದೆ ಬಿಪಿ ಎಂದು ಹೆಸರಾದ ಬ್ರಿಟಿಷ್ ತೈಲ ಕಂಪನಿ. ಹಡಗು ನಿಂತಲ್ಲೆಲ್ಲ ಡೈವರ್‌ಗಳು ತಳಕ್ಕಿಳಿದು ಬಂಡೆಯ ಚೂರು ಕಿತ್ತು ತರಬೇಕು. ಶಾರ್ಕ್‌ಗಳಿಂದ ರಕ್ಷಣೆಗೆಂದು ಲೋಹದ ಪಂಜರವನ್ನೂ ನೀರಿಗಿಳಿಸುತ್ತಿದ್ದರು. ಆ ಸಮೀಕ್ಷೆಯನ್ನು ಕುರಿತ ಕಿರುಚಿತ್ರಕ್ಕೆ ಇಟ್ಟ ಹೆಸರು ‘ಸ್ಟೇಷನ್ 307’. ನಾಲ್ಕು ವರ್ಷ ಕಳೆದು, 1958ರಲ್ಲಿ, ಉಮ್ ಶೈಫ್ ಎಂಬಲ್ಲಿ ಕಡಲತಳದಡಿ ತೈಲ ಸಿಕ್ಕಿತು. 1962ರಲ್ಲಿ ದಾಸ್ ದ್ವೀಪದಿಂದ ಅಬುಧಾಬಿಯ ಮೊದಲ ತೈಲ ರಫ್ತಾಯಿತು.

ಆ ಕಿರುಚಿತ್ರದ ಹೆಸರಿನಲ್ಲಿರುವ ಸಂಖ್ಯೆಯನ್ನು ಗಮನಿಸಬೇಕು. ಹಡಗು ನಿಂತ ಜಾಗಗಳಿಗೆ ನಂಬರ್ ಇತ್ತು. ಯಾವ ನಂಬರಿನ ಜಾಗದಿಂದ ಯಾವ ಚೂರು ಬಂತು ಎಂಬ ದಾಖಲೆ ಇಲ್ಲದಿದ್ದರೆ ಆ ಕಲ್ಲುಗಳೆಲ್ಲ ಡೆಕ್ಕಿನ ಮೇಲಿನ ರಾಶಿಯಾಗಿ ಉಳಿಯುತ್ತಿದ್ದವು. ಸುಣ್ಣದಕಲ್ಲಿನ ಒಳಗೆ ಅಡಗಿರುವ ಫೊರಾಮಿನಿಫೆರಾದಂಥ ಸೂಕ್ಷ್ಮ ಚಿಪ್ಪುಗಳ ಪಳೆಯುಳಿಕೆ ನೋಡಿಯೇ ತೈಲ ಭೂವಿಜ್ಞಾನಿಗಳು ಬಂಡೆಯ ವಯಸ್ಸು ಗುರುತಿಸುವುದು ವಾಡಿಕೆ. ಆದರೆ ವಯಸ್ಸು ಗೊತ್ತಾದರೆ ಸಾಲದು. ನಕ್ಷೆಯ ಮೇಲೆ ಅದನ್ನು ಎಲ್ಲಿಡಬೇಕೆಂದೂ ಗೊತ್ತಿರಬೇಕು. ಈ ಸಾಮಾನ್ಯ ಶಿಸ್ತು ಇಂದು ಜಗತ್ತಿನಾದ್ಯಂತ ಬೆಳೆಯುತ್ತಿರುವ ಒಂದು ಹವ್ಯಾಸದಲ್ಲಿ ಸಡಿಲಾಗುತ್ತಿದೆ. ಸ್ಕೂಬಾ ತೊಟ್ಟು ಪಳೆಯುಳಿಕೆಯಾದ ಶಾರ್ಕ್ ಹಲ್ಲುಗಳನ್ನು ಹೆಕ್ಕುವ ಹವ್ಯಾಸ ಅದು.

ಅದರ ತವರು ಅಮೆರಿಕ. ದಕ್ಷಿಣ ಕೆರೊಲಿನಾದ ಕೂಪರ್ ನದಿಯ ಕಪ್ಪು ನೀರಿನಲ್ಲಿ ಡೈವರ್‌ಗಳು ತಲೆಗೆ ದೀಪ ಕಟ್ಟಿಕೊಂಡು, ಉಬ್ಬರವಿಳಿತದ ಸೆಳೆತಕ್ಕೆ ಮೈಯೊಡ್ಡಿ, ಕೈಯಳತೆಯಾಚೆ ಏನೂ ಕಾಣದ ತಳದಲ್ಲಿ ತಡವರಿಸಿ ಹುಡುಕುತ್ತಾರೆ. ಫ್ಲಾರಿಡಾದ ವೆನಿಸ್ ಪಟ್ಟಣದ ಎದುರಿಗೆ ಕೆಲಸ ಸುಲಭ, ನೀರು ಆಳವಿಲ್ಲ. ಉತ್ತರ ಕೆರೊಲಿನಾದ ವಿಲ್ಮಿಂಗ್ಟನ್‌ನಿಂದ ದೂರ ಸಾಗಿದರೆ ಸುಮಾರು 30 ಮೀಟರ್ ಆಳದಲ್ಲಿ ಪಳೆಯುಳಿಕೆಯ ದಿಣ್ಣೆಗಳಿವೆ. ಎಲ್ಲರ ಕಣ್ಣು ಮೆಗಾಲೊಡಾನ್ ಎಂಬ ದೈತ್ಯ ಶಾರ್ಕಿನ ಹಲ್ಲಿನ ಮೇಲೆ. ಸುಮಾರು 36 ಲಕ್ಷ ವರ್ಷಗಳ ಹಿಂದೆ ಅಳಿದುಹೋದ ಈ ಪ್ರಾಣಿಯ ಅತಿ ದೊಡ್ಡ ಹಲ್ಲುಗಳು 17-18 ಸೆಂಟಿಮೀಟರ್ ಉದ್ದ ಇರುತ್ತವೆ, ಅಂದರೆ ದೊಡ್ಡವರ ಅಂಗೈಯನ್ನು ಪೂರ್ತಿ ಮುಚ್ಚುವಷ್ಟು.

ಹಲ್ಲೇ ಏಕೆ ಸಿಗುತ್ತದೆ? ಶಾರ್ಕಿನ ಅಸ್ಥಿಪಂಜರ ಮೃದ್ವಸ್ಥಿಯದು. ಸತ್ತ ಮೇಲೆ ಹೆಚ್ಚಾಗಿ ಕೊಳೆತು ಹೋಗುತ್ತದೆ. ಹಲ್ಲು ಹಾಗಲ್ಲ. ದವಡೆಯಲ್ಲಿ ಸಾಲಿನ ಹಿಂದೆ ಸಾಲು ಬೆಳೆಯುತ್ತಲೇ ಇರುತ್ತದೆ, ಮುಂದಿನದು ಉದುರಿದರೆ ಹಿಂದಿನದು ಮುಂದೆ ಬರುತ್ತದೆ. ಕೆಲವು ಜಾತಿಯ ಶಾರ್ಕ್ ತನ್ನ ಬದುಕಿನಲ್ಲಿ ಸಾವಿರಾರು ಹಲ್ಲು ಉದುರಿಸುತ್ತದೆ. ಕೆಸರಿನಲ್ಲಿ ಹೂತ ಹಲ್ಲಿಗೆ ಸುತ್ತಲಿನ ನೀರಿನ ಖನಿಜಗಳು ಇಳಿದು ಬೂದು, ಕಂದು, ಕಪ್ಪು ಬಣ್ಣ ಕೂರುತ್ತದೆ. ಮಂಗಳೂರು, ಮಲ್ಪೆಯ ಬಂದರಿನಲ್ಲಿ ತಾಟೆ ಮೀನು, ಅಂದರೆ ಶಾರ್ಕ್, ಕತ್ತರಿಸುವುದನ್ನು ಕಂಡವರಿಗೆ ಆ ಬಿಳಿಯ ಹಲ್ಲಿನ ಪರಿಚಯ ಇರುತ್ತದೆ. ಲಕ್ಷಾಂತರ ವರ್ಷಗಳಾಚೆಯದು ಅದೇ ಆಕಾರದಲ್ಲಿದ್ದೂ ಕೈಗೆ ಕಲ್ಲಿನಷ್ಟು ಭಾರ.

ಈ ಹಲ್ಲು ವಿಜ್ಞಾನಕ್ಕೆ ಮಾಡಿದ ಉಪಕಾರ ಸಣ್ಣದಲ್ಲ. ಯುರೋಪಿನ ಜನ ಬಹಳ ಕಾಲ ಇದನ್ನು ಕಲ್ಲಾದ ನಾಲಿಗೆ ಎಂದು ನಂಬಿದ್ದರು. ವಿಷ ತೆಗೆಯುತ್ತದೆಂದು ತಾಯಿತದಲ್ಲಿ ಕಟ್ಟಿಕೊಳ್ಳುತ್ತಿದ್ದರು. 1666ರಲ್ಲಿ ಇಟಲಿಯ ಲಿವೋರ್ನೊ ಬಳಿ ಹಿಡಿದ ದೊಡ್ಡ ಶಾರ್ಕಿನ ತಲೆ ಫ್ಲಾರೆನ್ಸಿನಲ್ಲಿದ್ದ ಡೆನ್ಮಾರ್ಕಿನ ವೈದ್ಯ ನಿಕೊಲಾಸ್ ಸ್ಟೆನೊ ಕೈಗೆ ಬಂತು. ಅದನ್ನು ಕೊಯ್ದು ನೋಡಿದ ಸ್ಟೆನೊ ಮರುವರ್ಷ ಪ್ರಕಟಿಸಿದ ಬರಹದಲ್ಲಿ ನಾಲಿಗೆಕಲ್ಲುಗಳು ಶಾರ್ಕಿನ ಹಲ್ಲುಗಳೇ ಎಂದು ವಾದಿಸಿದರು. ಅಲ್ಲಿಗೆ ನಿಲ್ಲಲಿಲ್ಲ. ಕಡಲಿನ ಪ್ರಾಣಿಯ ಹಲ್ಲು ಗುಡ್ಡದ ಬಂಡೆಯೊಳಗೆ ಹೇಗೆ ಸೇರಿತು ಎಂಬ ಪ್ರಶ್ನೆಯನ್ನು ಬೆನ್ನಟ್ಟಿ, 1669ರಲ್ಲಿ, ಕೆಳಗಿನ ಪದರ ಹಳೆಯದು, ಮೇಲಿನದು ಹೊಸದು ಎಂಬ ನಿಯಮಕ್ಕೆ ತಲುಪಿದರು. ಭೂವಿಜ್ಞಾನದ ಅಡಿಪಾಯಗಳಲ್ಲಿ ಅದೂ ಒಂದು. ಹಲ್ಲು ಯಾವ ಬಂಡೆಯದೆಂದು ತಿಳಿಯದೆ ಇದ್ದಿದ್ದರೆ ಆ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ.

ಹಾಗಾದರೆ ದುಬೈ, ಅಬುಧಾಬಿಯ ಕಡಲಲ್ಲಿ ಮುಳುಗಿದರೆ ಮೆಗಾಲೊಡಾನ್ ಹಲ್ಲು ಸಿಗುವುದೇ? ಸ್ಕೂಬಾ ಕಲಿತ ಉತ್ಸಾಹಿಗಳಿಗೆ ಬರಬಹುದಾದ ಪ್ರಶ್ನೆ ಇದು. ಸಿಗುವ ಸಾಧ್ಯತೆ ತೀರಾ ಕಡಿಮೆ. ಪರ್ಷಿಯನ್ ಕೊಲ್ಲಿಯ ಸರಾಸರಿ ಆಳ ಸುಮಾರು 35 ಮೀಟರ್ ಮಾತ್ರ. ಇಪ್ಪತ್ತು ಸಾವಿರ ವರ್ಷಗಳ ಹಿಂದೆ, ಹಿಮಯುಗ ತುತ್ತತುದಿಯಲ್ಲಿದ್ದಾಗ, ಜಗತ್ತಿನ ಕಡಲಮಟ್ಟ ಈಗಿನದಕ್ಕಿಂತ ಸುಮಾರು 120 ಮೀಟರ್ ಕೆಳಗಿತ್ತು. ಆಗ ಇಲ್ಲಿ ಕಡಲೇ ಇರಲಿಲ್ಲ. ಟೈಗ್ರಿಸ್-ಯೂಫ್ರೆಟಿಸ್ ನೀರು ಈ ತಗ್ಗಿನಲ್ಲಿ ಹೊಳೆಯಾಗಿ ಹಾರ್ಮುಜ್ ಕಡೆಗೆ ಹರಿಯುತ್ತಿತ್ತು. ಸುಮಾರು 14 ಸಾವಿರ ವರ್ಷಗಳ ಹಿಂದೆ ಕಡಲು ಒಳನುಗ್ಗತೊಡಗಿತು, ಈಗಿನ ಮಟ್ಟಕ್ಕೆ ಬರಲು ಇನ್ನೂ ಎಂಟು ಸಾವಿರ ವರ್ಷ ಹಿಡಿಯಿತು. ಅಮೆರಿಕದ ನದಿ-ತೀರಗಳಲ್ಲಿ ಹಲ್ಲು ತುಂಬಿದ ಹಳೆಯ ಪದರಗಳನ್ನು ಪ್ರವಾಹ ಕೊರೆದು ತೆರೆದಿಡುತ್ತದೆ. ಇಲ್ಲಿ ತಳದ ಮೇಲೆ ಹರಡಿರುವುದು ಹೆಚ್ಚಾಗಿ ಚಿಪ್ಪು, ಹವಳಗಳ ಪುಡಿಯಿಂದಾದ ಇತ್ತೀಚಿನ ಸುಣ್ಣದ ಮರಳು. ದುಬೈನ ಡೈವರ್ ನೋಡುತ್ತಿರುವುದು ಒಂದು ಕಾಲದಲ್ಲಿ ಮನುಷ್ಯರು ನಡೆದಾಡಿರಬಹುದಾದ ನೆಲವನ್ನು.

ಯುಎಇ ನಾಡಿನ ಹಳೆಯ ಕಡಲಿನ ಪಳೆಯುಳಿಕೆ ಬೇಕಿದ್ದರೆ ಮೇಲೆ ಹತ್ತಬೇಕು. ಅಲ್ ಐನ್‌ನ ಜೆಬೆಲ್ ಹಫೀತ್ ಬೆಟ್ಟದ ಸುಣ್ಣದಕಲ್ಲಿನಲ್ಲಿ ನಾಣ್ಯದಾಕಾರದ ನುಮ್ಯುಲೈಟ್ ಚಿಪ್ಪುಗಳೂ ಹವಳಗಳೂ ಇವೆ. ಷಾರ್ಜಾದ ಮ್ಲೇಹಾ ಬಳಿಯ ‘ಫಾಸಿಲ್ ರಾಕ್’ ಗುಡ್ಡದಲ್ಲಿ ಡೈನೊಸಾರ್ ಯುಗದ ಕೊನೆಯ ಕಾಲದ ಕಡಲ ಚಿಪ್ಪುಗಳು ಬರಿಗಣ್ಣಿಗೆ ಕಾಣುತ್ತವೆ. ಅಬುಧಾಬಿಯ ಪಶ್ಚಿಮದ ಅಲ್ ಧಫ್ರಾ ಪ್ರದೇಶದಲ್ಲಾದರೆ ಕಥೆಯೇ ಬೇರೆ. ಅಲ್ಲಿನ ಬೈನೂನಾ ಶಿಲಾಪದರದಲ್ಲಿ ಸುಮಾರು 70 ಲಕ್ಷ ವರ್ಷಗಳ ಹಿಂದಿನ ದೊಡ್ಡ ನದಿಯೊಂದರ ಬದುಕು ಉಳಿದಿದೆ. ನೀರಾನೆ, ಮೊಸಳೆ, ಆಮೆ, ಬೆಕ್ಕುಮೀನು, ನಾಲ್ಕು ದಂತದ ಆನೆ — ಇಂದು ಮರಳೊಂದೇ ಇರುವಲ್ಲಿ ಇವೆಲ್ಲ ಇದ್ದವು.

ಅಲ್ಲಿಯ ಮ್ಲೈಸಾ ಎಂಬ ಜಾಗದ ಹೆಜ್ಜೆಗುರುತುಗಳನ್ನು ಕುರಿತು ಸ್ವಲ್ಪ ಹೆಚ್ಚೇ ಹೇಳಬೇಕು. ಸ್ಥಳೀಯರಿಗೆ ಅವು ಬಹಳ ಹಿಂದಿನಿಂದ ಗೊತ್ತು. ಡೈನೊಸಾರ್‌ಗಳದೆಂದೂ ಪುರಾಣದ ದೈತ್ಯರದೆಂದೂ ಮಾತಿತ್ತು. ಫೈಸಲ್ ಬೀಬಿ, ಬ್ರಯಾನ್ ಕ್ರಾಟ್ಜ್, ಆಂಡ್ರೂ ಹಿಲ್ ಮೊದಲಾದವರ ತಂಡ 2011ರಲ್ಲಿ ಗಾಳಿಪಟಕ್ಕೆ ಕ್ಯಾಮೆರಾ ಕಟ್ಟಿ ಮೇಲಿಂದ ನೂರಾರು ಚಿತ್ರ ತೆಗೆದು ಜೋಡಿಸಿತು. ಆಗ ನಕ್ಷೆ ಸ್ಪಷ್ಟವಾಯಿತು: ಕನಿಷ್ಠ 13 ಆನೆಗಳ ಹಿಂಡು ಒಟ್ಟಿಗೆ ನಡೆದುಹೋಗಿದೆ, ಅದರ ದಾರಿಯನ್ನು ಒಂಟಿ ಆನೆಯೊಂದರ 260 ಮೀಟರ್ ಉದ್ದದ ಹೆಜ್ಜೆಸಾಲು ಅಡ್ಡ ಹಾಯುತ್ತದೆ. ಹಿಂಡಿನಲ್ಲಿ ಹೆಣ್ಣಾನೆಗಳು ಮತ್ತು ಮರಿಗಳು, ಒಂಟಿಯಾಗಿ ಸಾಗುವ ಪ್ರಾಯದ ಗಂಡು — ಬಂಡೀಪುರದಲ್ಲಿ ಇಂದೂ ಕಾಣುವ ಅದೇ ಕುಟುಂಬ ಪದ್ಧತಿ ಆನೆಗಳಲ್ಲಿ ಅಷ್ಟು ಹಳೆಯದು ಎಂಬುದಕ್ಕೆ ಇದು ಪುರಾವೆ. 2012ರ ಫೆಬ್ರುವರಿಯಲ್ಲಿ ಈ ಸಂಶೋಧನೆ ಪ್ರಕಟವಾಯಿತು. ಆ ಹೆಜ್ಜೆಗಳಲ್ಲಿ ಹತ್ತನ್ನು ಯಾರಾದರೂ ಕತ್ತರಿಸಿ ಮನೆಯ ಹಜಾರಕ್ಕೆ ಸಾಗಿಸಿದ್ದರೆ ಹಿಂಡೂ ಇರುತ್ತಿರಲಿಲ್ಲ, ಒಂಟಿ ಗಂಡಿನ ಕಥೆಯೂ ಇರುತ್ತಿರಲಿಲ್ಲ. ಇದ್ದಲ್ಲೇ ಇದ್ದುದರಿಂದ ಅವು ಮಾತಾಡಿದವು.

ಮುತ್ತಿನ ವಿಷಯದಲ್ಲೂ ಹಾಗೆಯೇ ಆಯಿತು. ಅಬುಧಾಬಿಯ ಮರಾವಾ ದ್ವೀಪದ ನವಶಿಲಾಯುಗದ ಮನೆಯೊಂದರ ನೆಲದಲ್ಲಿ 2017ರಲ್ಲಿ ಸಿಕ್ಕ ಸಣ್ಣ ಮುತ್ತು ಕ್ರಿ.ಪೂ. 5800ರಿಂದ 5600ರ ನಡುವಿನದು. ಜಗತ್ತಿನಲ್ಲಿ ಸಿಕ್ಕ ಅತಿ ಹಳೆಯ ಮುತ್ತುಗಳ ಸಾಲಿನಲ್ಲಿ ಅದಕ್ಕೆ ಮೊದಲ ಸ್ಥಾನ ಕೊಡಲಾಗಿದೆ. ಮುತ್ತನ್ನು ನೋಡಿ ಯಾರೂ ಆ ವಯಸ್ಸು ಹೇಳಲಾರರು. ಅದು ಸಿಕ್ಕ ಪದರಗಳ ರೇಡಿಯೊಕಾರ್ಬನ್ ಪರೀಕ್ಷೆಯಿಂದ ವಯಸ್ಸು ಗೊತ್ತಾಯಿತು. ಅಗೆದವರು ಪದರವನ್ನು ಲೆಕ್ಕಿಸದೆ ಮುತ್ತನ್ನಷ್ಟೇ ಎತ್ತಿಕೊಂಡಿದ್ದರೆ 2019ರಲ್ಲಿ ಲೂವ್ರ್ ಅಬುಧಾಬಿಯ ಗಾಜಿನ ಪೆಟ್ಟಿಗೆಯಲ್ಲಿ ಅದಕ್ಕೆ ಜಾಗ ಸಿಗುತ್ತಿರಲಿಲ್ಲ. ಈ ಕೊಲ್ಲಿಯ ಜನ ಕಡಲತಳವನ್ನು ಚೆನ್ನಾಗಿ ಬಲ್ಲವರು. ಮೂಗಿಗೆ ಕ್ಲಿಪ್ಪು, ಕಾಲಿಗೆ ಕಲ್ಲು, ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಬೇಸಿಗೆಯುದ್ದಕ್ಕೂ ಮುತ್ತಿನ ಚಿಪ್ಪಿಗಾಗಿ ಮುಳುಗುತ್ತಿದ್ದರು. ಚಿಪ್ಪು ಸಿಗುವ ಒಂದೊಂದು ದಿಬ್ಬಕ್ಕೂ ಹೆಸರಿಟ್ಟಿದ್ದರು. ಯಾವುದು ಎಲ್ಲಿ ಸಿಕ್ಕಿತು ಎಂದು ನೆನಪಿಡುವುದು ಅವರ ಕಸುಬಿನ ಭಾಗವೇ ಆಗಿತ್ತು. ದುಬೈನ ನಾದ್ ಅಲ್ ಶೆಬಾದಲ್ಲಿ 2021ರಲ್ಲಿ ತೆರೆದ, 60 ಮೀಟರ್ ಆಳದ ‘ಡೀಪ್ ಡೈವ್ ದುಬೈ’ ಕೊಳದ ಕಟ್ಟಡ ಮುತ್ತಿನ ಚಿಪ್ಪಿನ ಆಕಾರದಲ್ಲಿರುವುದು ಅವರ ಗೌರವಕ್ಕೆ. ಅಲ್ಲಿ ತರಬೇತಿ ಪಡೆಯುವವರಿಗೆ ಉಸಿರಿನ ಪಾಠದ ಜೊತೆ ಈ ದಾಖಲೆಯ ಪಾಠವನ್ನೂ ಕಲಿಸಿದರೆ ಗೌರವ ಪೂರ್ತಿಯಾಗುತ್ತದೆ.

ಆತಂಕ ಇರುವುದು ಮಾರುಕಟ್ಟೆಯ ಬಗ್ಗೆ. ಜಗತ್ತಿನ ಪಳೆಯುಳಿಕೆ ಅಂಗಡಿಗಳಲ್ಲಿ ಅಗ್ಗಕ್ಕೆ ಸಿಗುವ ಶಾರ್ಕ್ ಹಲ್ಲುಗಳಲ್ಲಿ ಬಹುಪಾಲು ಮೊರೊಕ್ಕೊದ ಖೌರಿಬ್ಗಾ ಸುತ್ತಲಿನ ಫಾಸ್ಫೇಟ್ ಗಣಿಗಳಿಂದ ಬಂದವು. ಬೇರೆ ಬೇರೆ ಹಲ್ಲಿನ ಚೂರುಗಳನ್ನು ಅಂಟಿಸಿ ಒಂದು ಮಾಡಿದ್ದು, ಮರಳು-ಗೋಂದಿನ ನಕಲಿ ಬಂಡೆಯಲ್ಲಿ ಕೂರಿಸಿದ್ದು ಅದರಲ್ಲಿ ಸಾಕಷ್ಟಿದೆ. ಇನ್ನೊಂದು ತುದಿಯಲ್ಲಿ ಕೋಟ್ಯಧಿಪತಿಗಳ ಹರಾಜು. 2020ರ ಅಕ್ಟೋಬರ್‌ನಲ್ಲಿ ನ್ಯೂಯಾರ್ಕಿನ ಕ್ರಿಸ್ಟೀಸ್ ಹರಾಜಿನಲ್ಲಿ ‘ಸ್ಟ್ಯಾನ್’ ಎಂಬ ಟಿ. ರೆಕ್ಸ್ ಡೈನೊಸಾರ್‌ನ ಅಸ್ಥಿಪಂಜರ 318 ಲಕ್ಷ ಡಾಲರ್‌ಗೆ ಹೋಯಿತು. ಕೊಂಡವರು ಯಾರೆಂದು ತಿಳಿಯದೆ ಸಂಶೋಧಕರು ಕಂಗಾಲಾದರು. ಬಳಿಕ ಅದು ಅಬುಧಾಬಿಯ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಎಂದು ಗೊತ್ತಾಯಿತು. ಸಾದಿಯಾತ್ ದ್ವೀಪದ ಆ ಮ್ಯೂಸಿಯಂ 2025ರ ನವೆಂಬರ್‌ನಲ್ಲಿ ಬಾಗಿಲು ತೆರೆಯಿತು. ಸ್ಟ್ಯಾನ್ ಖಾಸಗಿ ಬಂಗಲೆ ಸೇರದೆ ಜನರೆದುರು ನಿಂತದ್ದು ಒಳ್ಳೆಯದಾಯಿತು, ಸಂಶಯವಿಲ್ಲ. ಆದರೆ ಅಂಥ ಬೆಲೆ ಹಳ್ಳಿಯ ಅಗೆಯುವವರಿಂದ ಕಡಲಿನ ಡೈವರ್‌ವರೆಗೆ ಒಂದೇ ಸಂದೇಶ ಕೊಡುತ್ತದೆ: ಸಿಕ್ಕಿದ್ದನ್ನು ಬೇಗ ಕಿತ್ತು ಮಾರು. ಅಷ್ಟು ಹಣವುಳ್ಳ ನಾಡು ಕೊಳ್ಳುವುದಕ್ಕಿಂತ ಹೆಚ್ಚನ್ನು ಬೈನೂನಾದಂಥ ತನ್ನದೇ ನೆಲದ ಅಧ್ಯಯನಕ್ಕೆ ಸುರಿಯಬೇಕು. ಪರದೇಶದ ಟಿ. ರೆಕ್ಸ್‌ಗಿಂತ ಧಫ್ರಾದ ನಾಲ್ಕು ದಂತದ ಆನೆ ಅಬುಧಾಬಿಯ ಮಕ್ಕಳಿಗೆ ಹತ್ತಿರದ್ದು.

ಹೆಕ್ಕುವವರನ್ನೆಲ್ಲ ಕಳ್ಳರೆಂದು ದೂರವಿಡುವುದೂ ತಪ್ಪು. ಯುಎಇಯ ನಿಸರ್ಗ ಜ್ಞಾನ ಹವ್ಯಾಸಿಗಳಿಗೆ ಬಹಳಷ್ಟು ಋಣಿ. 1977ರಲ್ಲಿ ಅಬುಧಾಬಿಯಲ್ಲಿ ಶುರುವಾದ ಎಮಿರೇಟ್ಸ್ ನ್ಯಾಚುರಲ್ ಹಿಸ್ಟರಿ ಗ್ರೂಪ್ ಮುಖ್ಯವಾಗಿ ಉದ್ಯೋಗಕ್ಕೆ ಬಂದ ಹೊರನಾಡಿಗರ ಕೂಟ. ವಾರದ ರಜೆಯಲ್ಲಿ ಮರುಭೂಮಿ ಅಲೆದು ಕಂಡದ್ದನ್ನು ಬರೆದಿಟ್ಟವರು ಅವರು. ಅವರ ‘ಟ್ರಿಬ್ಯುಲಸ್’ ಪತ್ರಿಕೆಯನ್ನು ವಿಜ್ಞಾನಿಗಳು ಇಂದೂ ಉಲ್ಲೇಖಿಸುತ್ತಾರೆ. ದುಬೈನಲ್ಲೂ ಅಂಥ ಗುಂಪಿದೆ. ಕರಾವಳಿಯಿಂದ, ಬೆಂಗಳೂರಿನಿಂದ ಹೋಗಿ ಅಲ್ಲಿ ನೆಲೆಸಿದ ಕನ್ನಡಿಗರ ಸಂಖ್ಯೆ ದೊಡ್ಡದು. ಸಂಘಗಳಿವೆ, ವಾರದ ರಜೆಯಲ್ಲಿ ಮಕ್ಕಳಿಗೆ ಕನ್ನಡ ಕಲಿಸುವ ಪಾಠಶಾಲೆಯೂ ಇದೆ. ಮಾಲ್‌ಗಳ ಬದಲು ಒಮ್ಮೆ ಮ್ಲೇಹಾಕ್ಕೋ ಹಫೀತ್‌ಗೋ ಮಕ್ಕಳನ್ನು ಕರೆದೊಯ್ದು, ಏನನ್ನೂ ಕೀಳದೆ ಚಿತ್ರ ಬರೆಸುವುದು ಈ ಸಂಘಗಳಿಗೆ ಕಷ್ಟದ ಕೆಲಸವಲ್ಲ.

ಕಾನೂನು ಹವ್ಯಾಸಿಯನ್ನು ಜೊತೆಗಿಟ್ಟುಕೊಂಡ ಮಾದರಿಗಳೂ ಇವೆ. ದಕ್ಷಿಣ ಕೆರೊಲಿನಾದ ನದಿಗಳಲ್ಲಿ ಹಲ್ಲು ಹೆಕ್ಕಬೇಕಾದರೆ ಹವ್ಯಾಸಿ ಡೈವರ್ ಪರವಾನಗಿ ಬೇಕು. ಸಿಕ್ಕಿದ್ದೇನು, ಎಲ್ಲಿ ಎಂದು ಮೂರು ತಿಂಗಳಿಗೊಮ್ಮೆ ವರದಿ ಕೊಡಬೇಕು. ಫ್ಲಾರಿಡಾದಲ್ಲಿ ಸರ್ಕಾರಿ ನೆಲ-ನೀರಿನ ಕಶೇರುಕ ಪಳೆಯುಳಿಕೆಗೆ ಪರವಾನಗಿ ಕಡ್ಡಾಯ. ಸಿಕ್ಕಿದ್ದರ ಪಟ್ಟಿಯನ್ನು ರಾಜ್ಯದ ಮ್ಯೂಸಿಯಂಗೆ ಕೊಡಬೇಕು, 60 ದಿನದೊಳಗೆ ಮ್ಯೂಸಿಯಂ ಕೇಳದಿದ್ದರೆ ವಸ್ತು ಹೆಕ್ಕಿದವರದು. ಆದರೆ ಶಾರ್ಕ್ ಹಲ್ಲಿಗೆ ಅಲ್ಲಿ ವಿನಾಯಿತಿ ಇದೆ, ಅಷ್ಟು ಹೇರಳವಾಗಿ ಸಿಗುತ್ತದೆ ಎಂಬ ಕಾರಣಕ್ಕೆ. ಈ ವಿನಾಯಿತಿ ಸರಿಯಲ್ಲ. ಹಲ್ಲು ಹೇರಳ ನಿಜ. ಯಾವ ಪದರದಲ್ಲಿ ಯಾವ ಜಾತಿ ಎಷ್ಟು ಎಂಬ ಲೆಕ್ಕ ಸಿಗುವುದು ಹೇರಳವಾಗಿರುವುದರಿಂದಲೇ. ಈ ಎರಡು ರಾಜ್ಯಗಳಲ್ಲಿ ಅನುಸರಿಸಬೇಕಾದದ್ದು ದಕ್ಷಿಣ ಕೆರೊಲಿನಾವನ್ನು.

ಆಳದ ಕಡಲಿನಲ್ಲಿ ವಿಜ್ಞಾನಿಗಳು ಹೇಗೆ ನಡೆದುಕೊಳ್ಳುತ್ತಾರೆ ನೋಡಿ. 2022ರಲ್ಲಿ ಆಸ್ಟ್ರೇಲಿಯದ ‘ಇನ್ವೆಸ್ಟಿಗೇಟರ್’ ಹಡಗು ನಮ್ಮದೇ ಹಿಂದೂ ಮಹಾಸಾಗರದಲ್ಲಿ, ಕೊಕೊಸ್ ದ್ವೀಪಗಳ ಕಡೆ, 5,400 ಮೀಟರ್ ಆಳದಿಂದ 750ಕ್ಕೂ ಹೆಚ್ಚು ಪಳೆಯುಳಿಕೆ ಹಲ್ಲು ಎತ್ತಿತು. ಅವು ಬಂದ ಸ್ಥಳ, ಆಳದ ದಾಖಲೆಯಿದೆ. ಅದೇ ವರ್ಷ ಪೆಸಿಫಿಕ್‌ನ ಜಾನ್‌ಸ್ಟನ್ ದ್ವೀಪದ ಬಳಿ, 3,000 ಮೀಟರ್‌ಗೂ ಮೀರಿದ ಆಳದಲ್ಲಿ, ದೂರನಿಯಂತ್ರಿತ ಯಂತ್ರದ ಕ್ಯಾಮೆರಾ ಮೆಗಾಲೊಡಾನ್ ಹಲ್ಲೊಂದನ್ನು ಅದು ಬಿದ್ದ ಜಾಗದಲ್ಲೇ ಚಿತ್ರೀಕರಿಸಿತು. ಆಳಗಡಲಲ್ಲಿ ಹಾಗೆ ಕದಲದೆ ಇದ್ದ ಸ್ಥಿತಿಯಲ್ಲಿ ಅದನ್ನು ದಾಖಲಿಸಿದ್ದು ಅದೇ ಮೊದಲು ಎಂಬ ಕಾರಣಕ್ಕೆ ಆ ಒಂದು ಹಲ್ಲಿನ ಮೇಲೆ ಪ್ರಬಂಧವೇ ಪ್ರಕಟವಾಯಿತು.

ಪಳೆಯುಳಿಕೆಗಳನ್ನು ಕಾಯುವ ವಿಷಯದಲ್ಲಿ ಭಾರತದ ಸ್ಥಿತಿ ನಾಚಿಕೆ ತರುವಂಥದ್ದು. ರಾಜಸ್ಥಾನದ ಜೈಸಲ್ಮೇರ್ ಬಳಿ ಜುರಾಸಿಕ್ ಬಂಡೆಯಲ್ಲಿ ಸಿಕ್ಕ ಹಲ್ಲುಗಳಿಂದ ಹೈಬೊಡಾಂಟ್ ಗುಂಪಿನ ಹೊಸ ಶಾರ್ಕ್ ಜಾತಿಯನ್ನು ಗುರುತಿಸಿ, ಸ್ಟ್ರೊಫೋಡಸ್ ಜೈಸಲ್ಮೇರೆನ್ಸಿಸ್ ಎಂದು ಹೆಸರಿಟ್ಟದ್ದು 2021ರಲ್ಲಿ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ವಿಜ್ಞಾನಿಗಳು ಮಾಡಿದ ಕೆಲಸ ಅದು. ಕಛ್, ಒಡಿಶಾದ ಬಾರಿಪದಾ, ಕೇರಳದ ಕೊಲ್ಲಂ ಕಡೆಯ ಬಂಡೆಗಳಲ್ಲೂ ಶಾರ್ಕ್ ಹಲ್ಲುಗಳಿವೆ. ಆದರೂ ಇವನ್ನು ಕಾಯುವ ಪ್ರತ್ಯೇಕ ಕಾಯ್ದೆ ಇಲ್ಲ. ಭೂಪರಂಪರೆಯ ತಾಣಗಳನ್ನೂ ಅವಶೇಷಗಳನ್ನೂ ರಕ್ಷಿಸುವ ಮಸೂದೆಯ ಕರಡನ್ನು ಕೇಂದ್ರ ಗಣಿ ಸಚಿವಾಲಯ 2022ರ ಡಿಸೆಂಬರ್‌ನಲ್ಲಿ ಜನರ ಮುಂದಿಟ್ಟಿತು. ಅಧಿಕಾರವೆಲ್ಲ ಒಂದೇ ಸಂಸ್ಥೆಯ ಕೈಗೆ ಹೋಗುತ್ತದೆಂದು ವಿಜ್ಞಾನಿಗಳೇ ಆಕ್ಷೇಪ ಎತ್ತಿದರು. ಆ ಆಕ್ಷೇಪ ನ್ಯಾಯವಾದದ್ದು. ಅದನ್ನು ತಿದ್ದಿ ಮಸೂದೆ ಮುಂದೊಯ್ಯಬೇಕಿತ್ತು, ಮೂಲೆಗೆ ಸರಿಸುವುದಲ್ಲ.

ಕರ್ನಾಟಕದ ಬಂಡೆಗಳು ಬಹುಪಾಲು ಶಾರ್ಕ್‌ಗಳು ಹುಟ್ಟುವುದಕ್ಕಿಂತ ಬಹಳ ಹಿಂದಿನವು. ಹಲ್ಲು ಇಲ್ಲಿ ಸಿಗದೆ ಹೋಗಬಹುದು. ಆದರೆ ಬಾಗಲಕೋಟೆಯ ಲೋಕಾಪುರದ ಸುತ್ತ ಪುರಾತನ ಸೂಕ್ಷ್ಮಜೀವಿಗಳು ಕಟ್ಟಿದ ಸ್ಟ್ರೊಮಾಟೊಲೈಟ್‌ಗಳಿವೆ, ಮಲ್ಪೆಯ ಸೇಂಟ್ ಮೇರಿ ದ್ವೀಪದಲ್ಲಿ ಲಾವಾದ ಕಂಬಗಳಿವೆ. ಮುರುಡೇಶ್ವರದಿಂದ ನೇತ್ರಾಣಿಗೆ ಹೋಗಿ ಸ್ಕೂಬಾ ಕಲಿಯುವ ಯುವಕ-ಯುವತಿಯರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ. ಮುಳುಗುವವರ ಒಂದು ತಲೆಮಾರು ತಯಾರಾಗುತ್ತಿರುವಾಗ ರಾಜ್ಯ ಸರ್ಕಾರ, ಪ್ರವಾಸೋದ್ಯಮ ಇಲಾಖೆ, ಡೈವಿಂಗ್ ಶಾಲೆಗಳು ಸೇರಿ ದಾಖಲೆಯ ಶಿಸ್ತನ್ನು ತರಬೇತಿಯ ಭಾಗವಾಗಿಸಲು ಇದೇ ಸಮಯ. ಮೀನು, ಹವಳ, ಮುಳುಗಿದ ಹಡಗು, ಪಳೆಯುಳಿಕೆ — ಎಲ್ಲಕ್ಕೂ ಅನ್ವಯಿಸುವ ಶಿಸ್ತು ಅದು.

ದುಬೈನಲ್ಲಿರಲಿ, ನೇತ್ರಾಣಿಯಲ್ಲಿರಲಿ, ಫ್ಲಾರಿಡಾದ ಪ್ರವಾಸದಲ್ಲಿರಲಿ, ಕನ್ನಡದ ಓದುಗರಲ್ಲಿ ಒಂದು ವಿನಂತಿ. ಪಳೆಯುಳಿಕೆ ಕಂಡರೆ ಮೊದಲು ಅದು ಇದ್ದಲ್ಲೇ ಫೋಟೊ ತೆಗೆಯಿರಿ. ಅಳತೆ ತಿಳಿಯಲು ಪಕ್ಕದಲ್ಲಿ ನಾಣ್ಯವೊಂದನ್ನು ಇಡಿ. ಫೋನಿನ ನಕ್ಷೆಯಲ್ಲಿ ಜಾಗ ಗುರುತಿಸಿ, ನೀರಿನಡಿಯಾದರೆ ಆಳವನ್ನೂ ದಿನಾಂಕವನ್ನೂ ಡೈವ್ ಪುಸ್ತಕದಲ್ಲಿ ಬರೆಯಿರಿ. ಆ ನಾಡಿನ ಕಾನೂನು ಅನುಮತಿ ಕೊಡದಿದ್ದರೆ ಮುಟ್ಟಬೇಡಿ. ಮಾಹಿತಿಯನ್ನು ಅಬುಧಾಬಿಯಲ್ಲಾದರೆ ಸಂಸ್ಕೃತಿ ಮತ್ತು ಪ್ರವಾಸೋದ್ಯಮ ಇಲಾಖೆಗೆ, ಭಾರತದಲ್ಲಾದರೆ ಭೂವೈಜ್ಞಾನಿಕ ಸರ್ವೇಕ್ಷಣೆಗೋ ಹತ್ತಿರದ ವಿಶ್ವವಿದ್ಯಾಲಯದ ಭೂವಿಜ್ಞಾನ ವಿಭಾಗಕ್ಕೋ ಕಳಿಸಿ. ಅಂಗಡಿಯಲ್ಲಿ ಹಲ್ಲು ಕೊಳ್ಳುವ ಮುನ್ನ ಅದು ಎಲ್ಲಿಯದೆಂದು ಕೇಳಿ, ಉತ್ತರ ಸಿಗದಿದ್ದರೆ ಕೊಳ್ಳಬೇಡಿ.